ಕೆರೆ ದಂಡೆಯ ಬೆಂಚಿನ ಮೇಲೆ ಅಪ್ಪ

ಜಯನಗರದಲ್ಲಿ ಇಪ್ಪತ್ತು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಧಾರೆ ಎರೆಯುವಾಗ ಹೆಣ್ಣಿನ ತಂದೆಯ ಕಣ್ಣು ತುಂಬಿದರೆ ಕ್ಯಾಮೆರಾ ಇಳಿಸಿ, "ಸಾರ್, ಕಣ್ಣೊರೆಸ್ಕೊಳ್ಳಿ, ಆಲ್ಬಮ್‌ನಲ್ಲಿ ಚೆನ್ನಾಗ್ ಕಾಣಲ್ಲ" ಎನ್ನುವುದು ನನ್ನ ರೂಢಿ. ಯಾರೂ ಬೇಸರಪಟ್ಟಿಲ್ಲ. ಶಲ್ಯದ ತುದಿಯಲ್ಲಿ ಒರೆಸಿಕೊಂಡು ನಗುತ್ತಾರೆ.

ನನ್ನ ಜೊತೆಗೇ ಕೆಲಸ ಕಲಿತ ಗೆಳೆಯ ಮದುವೆಗಳನ್ನು ಬಿಟ್ಟು ಅಳುವ ಗಂಡಸರ ಫೋಟೊ ತೆಗೆಯತೊಡಗಿದಾಗ ಗೇಲಿ ಮಾಡಿದ್ದೆ. "ಅಳೋ ಗಂಡಸನ್ನ ನಂಬಬಾರ್ದು ಅಂತಾರೆ, ನೀನು ಅವರನ್ನೇ ನಂಬ್ಕೊಂಡು ಹೊಟ್ಟೆ ಹೊರೀತೀಯಾ ಗುರು?" ಈಗ ಜೆ.ಪಿ. ನಗರದಲ್ಲಿ ಅವನ ಪ್ರದರ್ಶನ, ಜನವೋ ಜನ. ನನಗೆ ಹೊಟ್ಟೆಯುರಿ. ತಪ್ಪು ಹುಡುಕಲೆಂದೇ ಹೋದೆ. ಫೋಟೊಗಳಲ್ಲಿ ಆಟೊದವರು, ನಿವೃತ್ತ ಮೇಷ್ಟ್ರು, ಗರಡಿಯ ಪೈಲ್ವಾನ. ಇಲ್ಲಿ ಬೆಳಕು ಸಾಲದು, ಅಲ್ಲಿ ಫೋಕಸ್ ಸರಿಯಿಲ್ಲ ಎಂದು ಮಾರ್ಕ್ಸ್ ಕಳೆಯುತ್ತಾ ಬಂದೆ. ಕೊನೆಯ ಗೋಡೆಯ ಮೇಲೆ ನಮ್ಮಪ್ಪ ಇದ್ದರು.

ಪುಟ್ಟೇನಹಳ್ಳಿ ಕೆರೆಯ ಪಕ್ಕದ ಬೆಂಚು. ಕನ್ನಡಕ ಕೈಯಲ್ಲಿ, ಬಾಯಿ ಸೊಟ್ಟ, ಮೂಗು ಸೋರುತ್ತಿದೆ. ಅಮ್ಮ ಹೋಗಿ ಎರಡು ವರ್ಷವಾದರೂ ನನಗೆ ಒಂದು ಹನಿ ಕಣ್ಣೀರು ತೋರಿಸದ ಮನುಷ್ಯ. ದಿನವೂ ಒಟ್ಟಿಗೆ ಕೂತು ಉಣ್ಣುತ್ತೇವೆ, ಒಂದೇ ಟೀವಿ ನೋಡುತ್ತೇವೆ. ಆದರೂ ಆ ಅಳು ಸಿಕ್ಕಿದ್ದು ಗೆಳೆಯನಿಗೆ. ಅವನ ಹೆಸರು, ಅವನ ಜನ ಎಲ್ಲವನ್ನೂ ಸಹಿಸಿಕೊಳ್ಳಬಹುದಿತ್ತು, ಇದನ್ನಲ್ಲ.

"ಹೇಗಿದೆ ಮಗಾ? ಅಂಕಲ್ ನಿಂಗೆ ನಾನೇ ಹೇಳ್ತೀನಿ ಅಂದಿದ್ರು" ಎಂದ ಗೆಳೆಯ.

"ಹೇಳಿದ್ರು, ಹೇಳಿದ್ರು" ಎಂದು ಸುಳ್ಳು ಹೇಳಿ ಹೊರಬಿದ್ದೆ.

ಮನೆಯಲ್ಲಿ ಅಪ್ಪ ಅವರೆಕಾಯಿ ಸುಲಿಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಜಗಳಕ್ಕೆ ನಿಂತೆ.

"ಅವನ್ ಮುಂದೆ ಹೋಗಿ ಅತ್ರಾ? ನಾನೇನ್ ಸತ್ತೋಗಿದ್ನಾ?"

"ಅಮ್ಮನ ಬಗ್ಗೆ ಕೇಳ್ದ. ಹೇಳ್ತಾ ಹೇಳ್ತಾ ಅಳು ಬಂತು."

"ನನ್ ಮುಂದೆ ಯಾಕ್ ಬರ್ಲಿಲ್ಲ?"

ಅಪ್ಪ ತಲೆ ಎತ್ತಲಿಲ್ಲ. ಇನ್ನೊಂದು ಕಾಯಿ ಸುಲಿದು ಕಾಳನ್ನು ಬಟ್ಟಲಿಗೆ ಹಾಕಿದರು.

"ಬಂದಿತ್ತು, ಸ್ಮಶಾನದಲ್ಲಿ. ನೀನೇ ನನ್ ಕೈ ಹಿಡ್ಕೊಂಡು, 'ಎಲ್ರೂ ನೋಡ್ತಿದಾರೆ ಅಪ್ಪಾ, ಗಟ್ಟಿಯಾಗಿರಿ' ಅಂದೆ. ಹಾಗೇ ಇದ್ದೀನಲ್ಲೋ."