ಮಾವನ ಶೆಡ್ಡು, ರೇಣುಕಾಳ ಕಿವಿ

ಚಿಕ್ಕಬಾಣಾವರದಿಂದ ಹೆಸರಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ಆಗಿನ್ನೂ ಕಾರಿಗಿಂತ ಟ್ರ್ಯಾಕ್ಟರಿನ ಸದ್ದೇ ಹೆಚ್ಚು. ಎರಡು ಸಾವಿರದ ಹತ್ತರ ಬೇಸಿಗೆ, ನನಗೆ ಹನ್ನೊಂದು ವರ್ಷ. ಪ್ರತಿ ವರ್ಷ ಪರೀಕ್ಷೆ ಮುಗಿದ ಮಾರನೆಯ ದಿನವೇ ಅಮ್ಮ ಯಲಹಂಕದಿಂದ ಬಸ್ಸು ಹತ್ತಿಸಿ ನನ್ನನ್ನು ತನ್ನ ಅಣ್ಣನ ಮನೆಗೆ ಬಿಟ್ಟು ಹೋಗುತ್ತಿದ್ದಳು. ಮಾವನದು ಹಳೇ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು. ತಗಡಿನ ಚಾವಣಿ, ಡೀಸೆಲ್ ಕುಡಿದು ಕಪ್ಪಾದ ನೆಲ. ಅಂಥ ಕಡೆ ಆಡಿ ಬೆಳೆದವರಿಗೆ ಗೊತ್ತು, ಆ ವಾಸನೆ ಎಷ್ಟು ಸೋಪು ಹಚ್ಚಿದರೂ ಹೋಗುವುದಿಲ್ಲ. ಗೋಲಿಯಾಟಕ್ಕೆ ನಮಗೆ ಅಂಗಡಿಯ ಗೋಲಿ ಬೇಕಿರಲಿಲ್ಲ, ಸವೆದ ಬೇರಿಂಗುಗಳ ಉಕ್ಕಿನ ಗುಂಡುಗಳಿದ್ದವು. ಅತ್ತೆ ಉಪ್ಪುಖಾರ ಸವರಿ ಕೊಡುತ್ತಿದ್ದ ಮಾವಿನಕಾಯಿ ಹೋಳಿಗೆ ನಮ್ಮ ಕೈಯ ಗ್ರೀಸೂ ಸೇರುತ್ತಿತ್ತು.

ಮಾವ ಒಂದು ಪದ್ಧತಿ ಇಟ್ಟಿದ್ದ. ರೈಲ್ವೆ ಗೇಟಿನ ತಿರುವಿನಲ್ಲಿ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಬರುತ್ತಿತ್ತು. ಮಾವ ಸ್ಪ್ಯಾನರ್ ಕೆಳಗಿಟ್ಟು, "ಯಾವ ಇಂಜಿನ್ನು, ಏಳವ್ವ ನೋಡಾನ" ಅನ್ನುತ್ತಿದ್ದ. ಎರಡು ಸಿಲಿಂಡರಿನದೋ ಮೂರರದೋ, ಅದರಲ್ಲೂ ಹಳೇ ನಮೂನೆಯದೋ ಹೊಸದೋ ಹೇಳಬೇಕು. ಸರಿಯಾಗಿ ಹೇಳಿದವರಿಗೆ ಸ್ಟಾಪರ್ ಎಳೆಯುವ ಹಕ್ಕು. ಆ ಕಾಲದ ಡೀಸೆಲ್ ಇಂಜಿನ್ನು ಕೀ ತಿರುಗಿಸಿದರೆ ನಿಲ್ಲುವುದಿಲ್ಲ. ಒಂದು ಹಿಡಿ ಎಳೆದು ಡೀಸೆಲ್ ತಡೆಯಬೇಕು, ಆಗ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಅಷ್ಟು ದೊಡ್ಡ ಯಂತ್ರದ ಬಾಯಿ ನನ್ನ ಎರಡು ಬೆರಳಿಗೆ ಮುಚ್ಚುತ್ತದೆ ಅನ್ನುವ ಜಂಬ ನನಗೆ. ಹಿಂದಿನ ಎರಡು ಬೇಸಿಗೆ ಆ ಹಕ್ಕು ನನ್ನೊಬ್ಬಳದೇ ಆಗಿತ್ತು. ನಾನು ಹತ್ತರಲ್ಲಿ ಆರು ಸಲ ತಪ್ಪು ಹೇಳುತ್ತಿದ್ದೆ, ಆದರೆ ಪೈಪೋಟಿಗೆ ಯಾರೂ ಇರಲಿಲ್ಲವಲ್ಲ.

ಆ ವರ್ಷ ಶೆಡ್ಡಿನ ಹಿಂದಿನ ಬಾಡಿಗೆ ಮನೆಗೆ ಗದಗದ ಕಡೆಯವರು ಬಂದಿದ್ದರು. ಅಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಗಳು ರೇಣುಕಾ, ನನ್ನದೇ ವಯಸ್ಸು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಮೊದಲ ದಿನ ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದಳು. ತಿರುವಿನಲ್ಲಿ ಸದ್ದು ಬಂತು. ನಾನು "ಎರಡು ಸಿಲಿಂಡರ್" ಎಂದೆ.

"ಮೂರು ಅದಾವ್ರಿ ಮಾಮಾ. ಒಂದು ಸರಿ ಉರಿಯಾಕತ್ತಿಲ್ಲ," ಎಂದಳು ರೇಣುಕಾ.

ಗಾಡಿ ಬಂತು. ಮೂರೇ ಸಿಲಿಂಡರು, ಒಂದಕ್ಕೆ ಡೀಸೆಲ್ ಹೋಗುತ್ತಿರಲಿಲ್ಲ. ಮಾವ ಅವಳನ್ನು ಎತ್ತಿ ಸೀಟಿನ ಮೇಲೆ ಕೂರಿಸಿದ. ಅವಳು ಸ್ಟಾಪರ್ ಎಳೆದಳು. ನನ್ನ ಹೊಟ್ಟೆಯಲ್ಲಿ ಅವತ್ತು ಹತ್ತಿಕೊಂಡ ಕಿಚ್ಚಿಗೆ ಆ ಬೇಸಿಗೆ ಪೂರ್ತಿ ದಿನಕ್ಕೊಂದು ಕಟ್ಟಿಗೆ ಬೀಳುತ್ತಲೇ ಹೋಯಿತು. ಅವಳಮ್ಮ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಮಾವ ಮುದ್ದೆ ಬಿಟ್ಟು ತಿನ್ನತೊಡಗಿದ. ಅತ್ತೆ ಅವಳಿಗೂ ತಲೆ ಬಾಚಿದಳು. ಇವಳ ಕಿವಿಯಲ್ಲಿ ಗುಗ್ಗೆ ತುಂಬಿಕೊಳ್ಳಲಿ ಎಂದು ನಾನು ಮನೆದೇವರಿಗೆ ನಿಜವಾಗಿಯೂ ಕೈಮುಗಿದಿದ್ದೇನೆ.

ನನಗೆ ಉಳಿದಿದ್ದ ಒಂದೇ ಹೆಚ್ಚುಗಾರಿಕೆ ಇಂಗ್ಲಿಷ್ ಅಕ್ಷರ. ಇಂಜಿನ್ನಿನ ಎಡಮಗ್ಗುಲಲ್ಲಿ, ಡೀಸೆಲ್ ಪಂಪಿನ ಕೆಳಗೆ ನಂಬರು ಒತ್ತಿರುತ್ತಾರೆ. ನೀಲಿ ಟ್ರ್ಯಾಕ್ಟರುಗಳಲ್ಲಿ ಆ ನಂಬರು ಎ ಅಕ್ಷರದಿಂದ ಶುರುವಾದರೆ ಹಳೇ ನಮೂನೆ, ಬಿ ಇದ್ದರೆ ಹೊಸದು. ಹೊರಗಿಂದ ಎರಡೂ ಒಂದೇ ಥರ. ಮಾವನಿಗೆ ಚಾಳೀಸು ಬಂದಿತ್ತು, ಗಿರಾಕಿಗಳ ಎದುರು ಕನ್ನಡಕ ಹಾಕಲು ನಾಚಿಕೆ. ಹಾಗಾಗಿ ನಂಬರು ಓದುವ ಕೆಲಸ ನನ್ನದು.

ಆ ಹಳೇ ನಮೂನೆಯ ಇಂಜಿನ್ನಿಗಾಗಿ ಮಾವ ನಾಲ್ಕು ವರ್ಷದಿಂದ ಹುಡುಕುತ್ತಿದ್ದ. ಶೆಡ್ಡಿನ ಮೂಲೆಯಲ್ಲಿ ತಾತನ ನೀಲಿ ಟ್ರ್ಯಾಕ್ಟರ್ ಇಂಜಿನ್ ಒಡೆದು ನಿಂತಿತ್ತು. ತಾತ ದಿನಾ ಬೆಳಿಗ್ಗೆ ಬಂದು ಅದರ ಸೀಟು ಒರೆಸಿ, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ. "ಒಂದ್ಸಲ ಕೆರೆ ಏರಿ ಮ್ಯಾಲೆ ಓಡ್ಸಿ ಕಣ್ಮುಚ್ತೀನಿ ಕಣ್ಲಾ" ಎಂದು ಮಾವನಿಗೆ ಹೇಳುತ್ತಿದ್ದ. ಹೊಸ ನಮೂನೆಯದು ಆ ಗಾಡಿಗೆ ಕೂರುವುದಿಲ್ಲ, ಬೋಲ್ಟಿನ ತೂತುಗಳೇ ಬೇರೆ.

ಮೇ ತಿಂಗಳಲ್ಲಿ ಹೆಸರಘಟ್ಟದ ಆಚೆ ಒಂದು ಗುಲಾಬಿ ತೋಟದಲ್ಲಿ ಅಂಥದೇ ಗಾಡಿ ಮಾರಾಟಕ್ಕಿದೆ ಎಂದು ಸುದ್ದಿ ಬಂತು. ಮಾವ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ನಾವು ಹೋಗುವ ಹೊತ್ತಿಗೆ ತೋಟದವನು ಗಾಡಿ ಸ್ಟಾರ್ಟ್ ಮಾಡಿಯೇ ಇಟ್ಟಿದ್ದ. ಹೊಸದಾಗಿ ಬಳಿದ ಬಣ್ಣದ ವಾಸನೆ ಗುಲಾಬಿಯನ್ನೂ ಮೀರಿಸುತ್ತಿತ್ತು. ಮಾವ ಒಮ್ಮೆ ರೇಸ್ ಕೊಟ್ಟು ಕೈಬಿಟ್ಟ, ಸದ್ದು ಏರಿ ಇಳಿಯಿತು. ರೇಣುಕಾ ಕಣ್ಣು ಮುಚ್ಚಿ ಕೇಳಿದಳು.

"ಇದು ಹಳೇದಲ್ರಿ ಮಾಮಾ. ಹಳೇದರ ಸಪ್ಪಳ ತಡಾ ಮಾಡಿ ಇಳೀತೈತಿ. ಇದು ಲಗೂನ ಇಳೀತು."

ಮಾವ ನನ್ನ ಕಡೆ ತಿರುಗಿ, "ನಂಬರ್ ನೋಡವ್ವ" ಎಂದ. ನಾನು ಪಂಪಿನ ಕೆಳಗೆ ಬಗ್ಗಿದೆ. ದಪ್ಪಗೆ ಬಣ್ಣ ಮೆತ್ತಿತ್ತು, ಒಂದಕ್ಷರವೂ ಕಾಣಲಿಲ್ಲ. ಉಗುರಿನಲ್ಲಿ ಕೆರೆದಿದ್ದರೆ ಕಾಣುತ್ತಿತ್ತು. ಕೆರೆದರೆ ಅವಳು ಹೇಳಿದ್ದೇ ನಿಜವಾಗುತ್ತದೆ ಎಂದು ನನಗೆ ಒಳಗೊಳಗೇ ಚೆನ್ನಾಗಿ ಗೊತ್ತಿತ್ತು.

"ಎ ಐತೆ ಮಾವ," ಎಂದೆ.

ಮಾವ ಒಂದು ಗಳಿಗೆ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ನನ್ನ ತಲೆ ಸವರಿ, ತೋಟದವನ ಜೊತೆ ಮಾತಿಗೆ ಕೂತ. ರೇಣುಕಾ ನನ್ನ ಉಗುರುಗಳನ್ನೇ ನೋಡುತ್ತಿದ್ದಳು. ಅವುಗಳಲ್ಲಿ ಒಂದು ಚೂರು ನೀಲಿಯೂ ಇರಲಿಲ್ಲ.

ಗಾಡಿ ಕೊಂಡು ತಂದ ಮೂರು ದಿನಕ್ಕೆ ಅದರ ಇಂಜಿನ್ ಇಳಿಸಿದರು. ಸರಪಳಿಯಲ್ಲಿ ತೂಗುಬಿಟ್ಟು ತಾತನ ಗಾಡಿಗೆ ಹೊಂದಿಸಲು ಹೋದರೆ ತೂತಿಗೆ ತೂತು ಸೇರಲಿಲ್ಲ. ತಾತ ಅವತ್ತು ಒಗೆದ ಪಂಚೆ ಉಟ್ಟು ಬಂದಿದ್ದ. ಮಾವ ಎಲ್ಲರೆದುರೇ ಕನ್ನಡಕ ಹಾಕಿಕೊಂಡು, ಬಣ್ಣ ಕೆರೆದು ನೋಡಿದ. ಬಿ.

"ಬಣ್ಣದ್ ಮ್ಯಾಲೆ ಎ ತರ ಕಂಡೈತೆ. ಮಗು ಏನ್ ಮಾಡ್ತದೆ ಬಿಡಿ," ಎಂದ. ತಾತ ಎದ್ದು ನಿಧಾನವಾಗಿ ಮನೆ ಕಡೆ ನಡೆದ. ಸಂಕ್ರಾಂತಿಗೆ ಮುಂಚೆ ತೀರಿಕೊಂಡ, ಏರಿಯ ಮೇಲೆ ಗಾಡಿ ಓಡಿಸಲೇ ಇಲ್ಲ.

ಅವತ್ತು ನನಗೆ ಅಳು ಬಂದಿದ್ದು ನಿಜ. ಆದರೆ ಮಾವ ನನ್ನ ಪರ ಮಾತಾಡಿದ್ದಕ್ಕೆ ಒಳಗೊಳಗೇ ಹಿಗ್ಗಿದ್ದೂ ನಿಜ. ರಜೆಯ ಉಳಿದ ದಿನಗಳಲ್ಲಿ ತಿರುವಿನಲ್ಲಿ ಸದ್ದು ಬಂದರೆ ರೇಣುಕಾ ಬಾಯಿ ಬಿಡುತ್ತಿರಲಿಲ್ಲ, ಬೇರಿಂಗ್ ಗುಂಡು ಎಣಿಸುತ್ತ ಕೂರುತ್ತಿದ್ದಳು. ನಾನು ತಪ್ಪೋ ಸರಿಯೋ ಏನೋ ಒಂದು ಹೇಳುತ್ತಿದ್ದೆ, ಮಾವ ನನ್ನನ್ನೇ ಸೀಟಿಗೆ ಹತ್ತಿಸುತ್ತಿದ್ದ. ಅವಳು ಸೋತಳು ಎಂದುಕೊಂಡೆ. ಮುಂದಿನ ಬೇಸಿಗೆಗೆ ಅವರು ಮನೆ ಖಾಲಿ ಮಾಡಿದ್ದರು.

ಈಗ ಶೆಡ್ಡಿಲ್ಲ, ಅಲ್ಲಿ ಟೈಲ್ಸ್ ಅಂಗಡಿ ಇದೆ. ತಾತನ ನೀಲಿ ಗಾಡಿ ಗುಜರಿಗೆ ಹೋಯಿತು. ರಸ್ತೆಯಲ್ಲಿ ಅಪಾರ್ಟ್‌ಮೆಂಟಿಗೆ ನೀರು ಎಳೆಯುವ ಟ್ರ್ಯಾಕ್ಟರುಗಳು ಒಂದೆರಡು ಸಿಗುತ್ತವೆ, ಆದರೆ ಹಾರ್ನುಗಳ ನಡುವೆ ಯಾವ ಇಂಜಿನ್ನೂ ತಾನು ಯಾರೆಂದು ಹೇಳಲಾರದು. ಹೋದ ವರ್ಷ ಯುಗಾದಿಗೆ ಮಾವನ ಮನೆಗೆ ಹೋದಾಗ, ಊಟವಾದ ಮೇಲೆ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ನಂಬರು ನೋಡಿರಲಿಲ್ಲ ಮಾವ, ಅವಳ ಮೇಲಿನ ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ ಎಂದೆ.

ಮಾವ ಎಲೆಗೆ ಸುಣ್ಣ ಸವರುತ್ತಲೇ ಇದ್ದ. "ಗೊತ್ತು ಕಣವ್ವ. ಇಂಜಿನ್ ಇಳ್ಸೋ ಮುಂಚಿನ್ ದಿನಾನೇ ಆ ಉಡುಗಿ ಬಂದು ಏಳಿದ್ಲು. ಅಷ್ಟೊತ್ಗೆ ಯವಾರ ಮುಗ್ದೋಗಿತ್ತು. ಆದ್ರೂ ಒಂದ್ಸಲ ಕೂರ್ಸಿ ನೋಡ್ಬುಡಾನ ಅಂದ್ಕಂಡೆ."

"ಮತ್ತೆ ಬೈಲೇ ಇಲ್ವಲ್ಲ ನೀನು?"

"ಬೈಬ್ಯಾಡ್ರಿ ಮಾಮಾ ಅಂದ್ಲು. 'ನಂಗ ಸಪ್ಪಳ ಗೊತ್ತಾಗತೈತಿ, ಅಕೀಗೆ ಗೊತ್ತಾಗಂಗಿಲ್ಲ, ಅದಕ್ಕ ಹಂಗ ಮಾಡ್ಯಾಳ. ಇನ್ ಮ್ಯಾಲೆ ನಾ ಏನೂ ಹೇಳಂಗಿಲ್ರಿ, ಅಕೀನ ಕೇಳ್ರಿ' ಅಂದ್ಲು."

ಅವತ್ತು ಮಾವ ನನ್ನನ್ನು ಕಾಪಾಡಿದ್ದು ನನ್ನ ಮೇಲಿನ ಮುದ್ದಿಗೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಆ ಬೇಸಿಗೆಯಲ್ಲಿ ನನ್ನದು ಎಂದು ಉಳಿದಿದ್ದು ಅದೊಂದೇ. ಅದನ್ನೂ ಅವಳೇ ಬೇಡಿ ಕೊಡಿಸಿದ್ದಳು. ಕ್ಷಮೆ ಕೇಳೋಣವೆಂದರೆ ರೇಣುಕಾ ಈಗ ಎಲ್ಲಿದ್ದಾಳೋ ಮಾವನಿಗೂ ಗೊತ್ತಿಲ್ಲ. ಸಿಕ್ಕಿದರೂ ಮೊದಲು ನನ್ನ ಹೊಟ್ಟೆಯೇ ಉರಿಯುತ್ತದೆ, ಕ್ಷಮೆಯ ಮಾತು ಆಮೇಲೆ.