ಬೂಸ್ಟರಿನ ನೀಲಿ ತಂತಿ

ನನ್ನದು ಹುಟ್ಟಾ ಸಂಶಯದ ಬುದ್ಧಿ. ಹಾಲಿನವನು ಅಳೆದು ಸುರಿದ ಹಾಲನ್ನು ಒಳಗೆ ತಂದು ಮತ್ತೊಮ್ಮೆ ನನ್ನ ಲೋಟದಲ್ಲಿ ಅಳೆಯುವವಳು ನಾನು. ಶಾಲೆಯಲ್ಲಿ ಯಾವುದಾದರೂ ಮಗು ಹೊಟ್ಟೆನೋವು ಅಂದರೆ ಯಾವ ಕಡೆ ಎಂದು ಕೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಿದ್ದೆ. ಎರಡು ಸಲವೂ ಒಂದೇ ಕಡೆ ತೋರಿಸಿದರೆ ಮಾತ್ರ ಮನೆಗೆ ಕಳಿಸುತ್ತಿದ್ದೆ. ಇಂಥ ನನ್ನ ಮನೆಯಲ್ಲೇ ನನ್ನ ತಮ್ಮನ ಮೇಲೆ ಬೇರೆಯವರು ಅನುಮಾನಪಟ್ಟರೆ ಸುಮ್ಮನಿರುವುದು ಹೇಗೆ?

ಎಂಬತ್ತರ ದಶಕದ ಮಾತು. ನಾವು ಆರ್.ಟಿ. ನಗರದಲ್ಲಿದ್ದೆವು. ಬ್ಯಾಂಕಿನಲ್ಲಿದ್ದ ನಮ್ಮ ಯಜಮಾನರು ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದರು. ವಾರವೆಲ್ಲ ಅವರು ಬಸ್ಸಿನಲ್ಲಿ ಆಫೀಸಿಗೆ, ಕಾರು ಮನೆ ಪಕ್ಕದ ಶೆಡ್ಡಿನಲ್ಲಿ. ಭಾನುವಾರ ಮಾತ್ರ ಅದಕ್ಕೆ ಹೊರಗಿನ ಗಾಳಿ. ಅತ್ತೆ ಅದರ ಡ್ಯಾಶ್‌ಬೋರ್ಡಿನ ಮೇಲೆ ದೇವರ ಪಟ ಕೂರಿಸಿ, ಮುಂದೆ ಅವರೆಕಾಳಿನಷ್ಟು ಕೆಂಪು ಬಲ್ಬು ಹಾಕಿಸಿದ್ದರು. ಕೀ ತೆಗೆದರೆ ಬಲ್ಬೂ ಆರುತ್ತಿತ್ತು. "ವಾರವೆಲ್ಲ ದೇವರನ್ನ ಕತ್ತಲೇಲಿ ಕೂರಿಸ್ತೀರೇನೋ?" ಎಂದು ಅತ್ತೆ ಗದರಿದ ಮೇಲೆ, ಕೀಯ ಹಂಗಿಲ್ಲದೆ ಉರಿಯುವಂತೆ ಬಲ್ಬಿಗೆ ಬ್ಯಾಟರಿಯಿಂದ ನೇರ ಲೈನು ಎಳೆಸಿದ್ದಾಯಿತು.

ಯಜಮಾನರಿಗೆ ಹಾಡಿನ ಹುಚ್ಚು. ಬರೀ ಕ್ಯಾಸೆಟ್ ಪ್ಲೇಯರ್ ಸಾಲದೆಂದು ಡಿಕ್ಕಿಯೊಳಗೆ ದೊಡ್ಡ ಸ್ಪೀಕರು, ಅದಕ್ಕೆ ಶಕ್ತಿ ಕೊಡಲು ಬೂಸ್ಟರ್ ಎಂಬ ಕಬ್ಬಿಣದ ಪೆಟ್ಟಿಗೆ ಹಾಕಿಸಿದರು. ತಬಲಾ ಬಾರಿಸಿದರೆ ಹಿಂದಿನ ಸೀಟು ಬೆನ್ನಿಗೆ ಗುದ್ದುತ್ತಿತ್ತು. ಬಲ್ಬಿನ ಲೈನೂ ಬೂಸ್ಟರಿನ ಕೆಲಸವೂ ಮಾಡಿದ್ದು ಅವರ ಬ್ಯಾಂಕಿನ ಗೆಳೆಯರೊಬ್ಬರು. ಮಿಕ್ಸಿಯಿಂದ ಟಿವಿಯವರೆಗೆ ಯಾವುದನ್ನು ಬೇಕಾದರೂ ಬಿಚ್ಚುವ ಧೈರ್ಯ ಅವರಿಗಿತ್ತು. ಮುಚ್ಚುವ ವಿಷಯ ಬೇರೆ.

ಬೂಸ್ಟರ್ ಬಂದಾಗಿನಿಂದ ಪ್ರತಿ ಭಾನುವಾರವೂ ಕಾರಿನ ಬ್ಯಾಟರಿ ಸತ್ತಿರುತ್ತಿತ್ತು. ಬೀದಿಯವರೆಲ್ಲ ಸೇರಿ ತಳ್ಳಬೇಕು. ಚಾರ್ಜ್ ಮಾಡಿಸಿ ತಂದರೆ ಮುಂದಿನ ಭಾನುವಾರ ಮತ್ತೆ ಅದೇ ಹಾಡು, ಅಂದರೆ ಹಾಡೇ ಇಲ್ಲ.

ಅದೇ ಸುಮಾರಿಗೆ ನನ್ನ ತಮ್ಮ ಹಾವೇರಿ ಕಡೆಯ ನಮ್ಮ ಊರಿನಿಂದ ಬಂದು ಯಲಹಂಕದ ಕಾರ್ಖಾನೆಯೊಂದರಲ್ಲಿ ಎರಡನೇ ಪಾಳಿಗೆ ಸೇರಿದ್ದ, ನಮ್ಮಲ್ಲೇ ಇದ್ದ. ಮಧ್ಯಾಹ್ನ ಊಟ ಮಾಡಿ ಹೊರಟರೆ ನಾವು ಮಲಗಿದ ಮೇಲೆ ಬರುತ್ತಿದ್ದ. ಬೆಳಗ್ಗೆ ನಾನು ಶಾಲೆಗೆ ಹೊರಡುವಾಗ ಅವನಿಗೆ ಇನ್ನೂ ನಿದ್ದೆ. ಹಗಲು ಮನೆಯಲ್ಲಿರುವ ಗಂಡಸು ಅತ್ತೆಯ ಕಣ್ಣಿಗೆ ಕೆಲಸವಿಲ್ಲದವನೇ.

"ಬೆಳಗ್ಗೆ ಪೂಜೆಗೆ ಕೂತಾಗ ಶೆಡ್ಡಿನ ಕಡೆಯಿಂದ ಹಾಡು ಕೇಳಿಸುತ್ತೆ ಕಣೇ" ಎಂದರು ಅತ್ತೆ.

"ಪಕ್ಕದ ಮನೆ ರೇಡಿಯೋ ಇರಬೇಕು" ಎಂದೆ.

ಒಂದು ಭಾನುವಾರ ತಿಂಡಿಯ ಹೊತ್ತಿಗೆ ಅತ್ತೆ ತಮ್ಮನನ್ನೇ ಕೇಳಿಬಿಟ್ಟರು. "ಏನಪ್ಪಾ, ಇವರಿಬ್ರೂ ಕೆಲಸಕ್ಕೆ ಹೋದ್ಮೇಲೆ ಕಾರಲ್ಲಿ ಕೂತ್ಕೊಂಡು ಹಾಡು ಕೇಳ್ತೀಯಾ?" ತಮ್ಮ ಕಾಫಿ ಲೋಟ ಕೆಳಗಿಟ್ಟು, ಮಾತಾಡದೆ ಎದ್ದುಹೋದ. ಎರಡು ದಿನದಲ್ಲಿ ಟ್ರಂಕು ಹೊತ್ತುಕೊಂಡು ಬ್ಯಾಟರಾಯನಪುರದ ಒಂದು ವಠಾರದ ಕೋಣೆಗೆ ಹೋದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ" ಎಂದರು ಅತ್ತೆ.

ನನಗೆ ಮೈಯೆಲ್ಲ ಉರಿಯಿತು. ಅವನು ಬಾಯಿ ಬಿಡದೆ ಹೋದದ್ದು ಸ್ವಾಭಿಮಾನದಿಂದ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಬ್ಯಾಟರಿ ಹಾಳಾಗಿ ಹೋಗಲಿ. ನನ್ನ ತವರಿನ ಹುಡುಗ ನನ್ನ ಮನೆಯಿಂದ ಕಳ್ಳನೆನಿಸಿಕೊಂಡು ಹೋಗಿದ್ದ. ಆ ಮಾತನ್ನು ತೊಳೆದು ಅವನನ್ನು ಕರೆತರದಿದ್ದರೆ ನಾನು ಇದ್ದೂ ಏನು ಪ್ರಯೋಜನ?

ಮುಂದಿನ ಭಾನುವಾರ ಯಜಮಾನರು ಕೀ ತಿರುಗಿಸಿದರೆ ಕಾರು ಮತ್ತೆ ಮಾತಾಡಲಿಲ್ಲ. ನನಗೆ ಕುಣಿಯುವಷ್ಟು ಖುಷಿ. "ಈಗ ಯಾರು ಕೂತಿದ್ರು ಅತ್ತೆ?" ಎಂದೆ. ಅವರು ಸೋಲಲಿಲ್ಲ. "ಇನ್ನೊಂದು ಕೀ ಮಾಡಿಸ್ಕೊಂಡಿರ್ತಾನೆ. ನಾನು ಮಲಗಿದಾಗ ಬಂದು ಹೋಗ್ತಾನೇನೋ" ಎಂದರು. ಅತ್ತೆಯೂ ನನ್ನ ಜಾತಿಯವರೇ ಎಂದು ಅವತ್ತು ಗೊತ್ತಾಯಿತು.

ಸರಿ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ. ಚಾರ್ಜಾದ ಬ್ಯಾಟರಿ ಕಾರಿನೊಳಗೆ ಕೂತ ಸಂಜೆ, ಅತ್ತೆಯ ಎದುರಿಗೇ ಶೆಡ್ಡಿನ ನೆಲಕ್ಕೆ, ಕಾರಿನ ಸುತ್ತ ರಂಗೋಲಿ ಪುಡಿ ಚೆಲ್ಲಿದೆ. ಕೀಯನ್ನು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಮರುದಿನ ಶಾಲೆಯಿಂದ ಬಂದವಳೇ ಚಪ್ಪಲಿ ಬಿಡದೆ ಶೆಡ್ಡಿಗೆ ಹೋದೆ. ಪುಡಿಯ ಮೇಲೆ ಬೆಕ್ಕಿನ ಹೆಜ್ಜೆ ಮಾತ್ರ ಇತ್ತು. ಡಿಕ್ಕಿಯಲ್ಲಿ ಮರೆತಿದ್ದ ಚೀಲ ತೆಗೆಯೋಣವೆಂದು ಬಾಗಿ, ಆಸರೆಗೆ ಬೂಸ್ಟರಿನ ಮೇಲೆ ಕೈಯೂರಿದೆ. ಪೆಟ್ಟಿಗೆ ಬೆಚ್ಚಗಿತ್ತು. ಶೆಡ್ಡಿಗೆ ಬಿಸಿಲು ಬೀಳುವುದಿಲ್ಲ. ಕಾರು ಅಲ್ಲಾಡಿಲ್ಲ, ಹಾಡು ಹಾಕಿಲ್ಲ. ಪಕ್ಕದ ಸ್ಪೀಕರು ಮುಟ್ಟಿ ನೋಡಿದೆ, ತಣ್ಣಗಿತ್ತು. ಬೂಸ್ಟರ್ ಮಾತ್ರ ಜ್ವರ ಬಂದ ಮಗುವಿನ ಹಣೆಯ ಹಾಗಿತ್ತು.

ಸಂಜೆ ನನ್ನ ಮಾತು ಕೇಳಿ ಯಜಮಾನರು ಬೂಸ್ಟರ್ ಹಾಕಿದ್ದ ಆ ಗೆಳೆಯರನ್ನು ಕರೆತಂದರು. ನಾನು ಕಾಫಿ ಕೊಡಲಿಲ್ಲ. ನೇರ ಶೆಡ್ಡಿಗೆ ಕರೆದೊಯ್ದು ಒಂದೊಂದೇ ತಂತಿಯ ಮೇಲೆ ಬೆರಳಿಟ್ಟೆ.

"ಈ ದಪ್ಪ ಕೆಂಪುದು ಎಲ್ಲಿಂದ ಬರುತ್ತೆ?"

"ನೇರ ಬ್ಯಾಟರಿಯಿಂದ ಅತ್ತಿಗೆ. ಬೂಸ್ಟರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಸಣ್ಣ ತಂತಿ ಹಾಕಿದ್ರೆ ಸುಟ್ಟುಹೋಗುತ್ತೆ."

"ಮಧ್ಯೆ ಫ್ಯೂಸ್?"

ಬಾನೆಟ್ ಎತ್ತಿ ತೋರಿಸಿದರು. ಫ್ಯೂಸಿರಬೇಕಾದ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಮಡಚಿ ತುರುಕಿದ್ದರು. "ಸದ್ಯಕ್ಕೆ ಅಂತ ಹಾಕಿದ್ದೆ" ಎಂದರು.

"ಕಾರಿಗೆ ಬೆಂಕಿ ಬಿದ್ದರೂ ಸದ್ಯಕ್ಕೆ ಅಂತೀರಾ? ಈ ಕಪ್ಪುದು?"

"ಅರ್ಥಿಂಗ್. ಕಾರಿನ ಬಾಡಿಗೇ ಬೋಲ್ಟ್ ಮಾಡಿದೀನಿ."

"ಈ ಸಣ್ಣ ನೀಲಿದು?"

"ಅದು ಬೂಸ್ಟರನ್ನ ಎಬ್ಬಿಸೋ ತಂತಿ. ಇದರಲ್ಲಿ ಕರೆಂಟ್ ಇದ್ರೆ ಏಳುತ್ತೆ, ಹೋದ್ರೆ ಮಲಗುತ್ತೆ. ಪ್ಲೇಯರ್ ಆಫ್ ಮಾಡಿದ್ರೆ ಅದೂ ತಾನೇ ಆಫ್."

"ಪ್ಲೇಯರ್ ಆಫ್ ಆಗೇ ಇದೆಯಲ್ಲ. ಮುಟ್ಟಿ ನೋಡಿ ಇದನ್ನ."

ಮುಟ್ಟಿದರು. ಮುಖದ ಬಣ್ಣ ಸ್ವಲ್ಪ ಇಳಿಯಿತು. ನೀಲಿ ತಂತಿಯನ್ನು ಹಿಡಿದುಕೊಂಡೇ ನಾವಿಬ್ಬರೂ ಮುಂದಕ್ಕೆ ಬಂದೆವು. ಅದು ಸೀಟಿನಡಿಯಿಂದ ಮ್ಯಾಟಿನ ಕೆಳಗೆ ನುಗ್ಗಿ, ಡ್ಯಾಶ್‌ಬೋರ್ಡ್ ಹತ್ತಿ, ಪ್ಲೇಯರಿನ ಹತ್ತಿರಕ್ಕೂ ಹೋಗದೆ ದೇವರ ಬಲ್ಬಿನ ಲೈನಿಗೆ ಸುತ್ತಿಕೊಂಡಿತ್ತು.

"ಪ್ಲೇಯರ್ ಹಿಂದೆ ಕೈ ಹೋಗ್ತಿರಲಿಲ್ಲ ಅತ್ತಿಗೆ. ದೇವರ ಲೈನು ಕೈಗೆ ಸಿಕ್ತು. ಅದು ಡೈರೆಕ್ಟ್ ಅನ್ನೋದು ಮರೆತೇಹೋಯ್ತು."

ಅಂದರೆ ದೇವರಿಗೆ ದೀಪವಿರುವಷ್ಟು ಹೊತ್ತೂ ಬೂಸ್ಟರಿಗೆ ನಿದ್ದೆಯಿಲ್ಲ. ಹಾಡಿರಲಿ ಬಿಡಲಿ, ಹಗಲೂ ರಾತ್ರಿ ಎಚ್ಚರವಿದ್ದು ಬ್ಯಾಟರಿಯನ್ನು ಹೀರುತ್ತಿತ್ತು.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡರು. ಒಂದು ಭಾರಿ ವಾಗ್ವಾದಕ್ಕೆ ನಾನು ಸೆರಗು ಬಿಗಿದು ಸಿದ್ಧಳಾಗಿದ್ದೆ. ಅವರು ಜಗಳಕ್ಕೆ ಬರಲಿಲ್ಲ. "ದೀಪ ಕೇಳಿದ್ದು ನಾನು. ಪಾಪ, ಆ ಹುಡುಗನ್ನ ಅಂದ್ಬಿಟ್ನಲ್ಲೇ" ಎಂದರು.

ಗೆಳೆಯರು ಸರಿಯಾದ ಫ್ಯೂಸ್ ತಂದು ಹಾಕಿದರು. ಪ್ಲೇಯರನ್ನು ಪೂರ್ತಿ ಹೊರಗೆಳೆದು ನೀಲಿ ತಂತಿಯನ್ನು ಅದರ ಸ್ವಿಚ್ಚಿನ ಲೈನಿಗೆ ಸೇರಿಸಿದರು. ಭಾನುವಾರ ಕಾರು ಒಂದೇ ಕೀಗೆ ಎದ್ದಿತು. ಅತ್ತೆ ಚಕ್ಕುಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ತಮ್ಮನನ್ನು ಕರೆತರಲು ಬ್ಯಾಟರಾಯನಪುರಕ್ಕೆ ಹೊರಟೆವು. ನನಗಂತೂ ಕೇಸು ಗೆದ್ದ ವಕೀಲರಷ್ಟು ಜಂಬ.

ವಠಾರದ ಓಣಿ ಕಿರಿದು, ಕಾರು ಹೋಗುವುದಿಲ್ಲ. ನಾನೊಬ್ಬಳೇ ಡಬ್ಬಿ ಹಿಡಿದು ಒಳಗೆ ಹೋದೆ. ತಂತಿಯ ಕಥೆಯನ್ನೆಲ್ಲ ಉಸಿರು ಬಿಡದೆ ಹೇಳಿ, "ನಡಿ, ಟ್ರಂಕ್ ತಗೋ. ಅತ್ತಿ ತಾವಾಗೇ ಬಂದಾರ" ಎಂದೆ. ತಮ್ಮ ಚಾಪೆಯ ಅಂಚು ಕೀಳುತ್ತಾ ಕೂತ.

"ನಾ ಬರಾಂಗಿಲ್ಲಕ್ಕಾ. ತಂತಿದು ತಪ್ಪು ಖರೆ. ಆದ್ರ ನಾನೂ ದಿನಾ ಆ ಗಾಡ್ಯಾಗ ಕುಂದರ್ತಿದ್ದೆ. ನೀ ಸಾಲಿಗೆ ಹೋದಮ್ಯಾಲ, ಸಣ್ಣಗ ಹಾಡ ಹಚ್ಚಿಕೊಂಡು. ಬ್ಯಾಟರಿ ನನ್ನಿಂದನ ಹೋತು ಅಂತ ತಿಳ್ಕೊಂಡಿದ್ದೆ. ಅವರು ಕೇಳಿದಾಗ ಏನಂತ ಹೇಳ್ಲಿ?"

"ಯಾಕೋ? ಮನ್ಯಾಗ ಕುಂದರಾಕ ಜಾಗಾ ಇರಲಿಲ್ಲೇನು?"

"ಜಾಗಾ ಇತ್ತು. ಮಾತಾಡಾಕ ಯಾರಿದ್ರಕ್ಕಾ?"

ಹಾಲಿನವನನ್ನು, ಅತ್ತೆಯನ್ನು, ಯಜಮಾನರ ಗೆಳೆಯರನ್ನು, ಬೆಕ್ಕನ್ನು ಕೂಡ ಅನುಮಾನಿಸಿದವಳು ನಾನು. ಒಂದೇ ಸೂರಿನಡಿ ಇದ್ದ ತಮ್ಮ ದಿನವಿಡೀ ಯಾರ ಜೊತೆ ಮಾತಾಡುತ್ತಾನೆ ಎಂಬ ಅನುಮಾನ ಮಾತ್ರ ಬಂದಿರಲಿಲ್ಲ. ಅಳು ಬಂತು. ಡಬ್ಬಿ ಅವನ ಕೈಗಿಟ್ಟು ಹೊರಗೆ ಬಂದೆ.

"ಬರಲ್ವಂತಾ?" ಎಂದರು ಅತ್ತೆ.

"ಕಾರ್ಖಾನೆ ಇಲ್ಲಿಂದ ಹತ್ತಿರ ಅಂತೆ" ಎಂದೆ.

ಹೆಬ್ಬಾಳ ದಾಟುವಾಗ ಅತ್ತೆ ಹಿಂದಕ್ಕೆ ತಿರುಗದೆಯೇ ಕೇಳಿದರು. "ನನ್ನ ಮೇಲೆ ಕೋಪ ಅಲ್ವಾ ಅವನಿಗೆ?"

"ಇಲ್ಲ ಅತ್ತೆ. ಒಂದು ಚೂರೂ ಇಲ್ಲ."

ಅದು ನಿಜ. ಅತ್ತೆ ನಂಬಲಿಲ್ಲ. ತಾವು ಅವತ್ತು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತೆಂದು ಅವರಿಗೆ ಹೇಳುವ ಬಾಯಿ ನನಗೆ ಕೊನೆಗೂ ಬರಲಿಲ್ಲ. ಅತ್ತೆ ಬದುಕಿದ್ದಷ್ಟು ದಿನವೂ ಪ್ರತಿ ಹಬ್ಬಕ್ಕೆ ತಿಂಡಿಯ ಮೊದಲ ಡಬ್ಬಿ ಅವನಿಗೇ ಕಟ್ಟುತ್ತಿದ್ದರು.