ಅಟ್ಟದಿಂದ ಇಳಿದ ಬೆಳ್ಳುಳ್ಳಿ ವಾಸನೆ

ಕೊರೊನಾ ಗಲಾಟೆ ಅಡಗಿದ ಮರುವರ್ಷ ನಾನು ಹಂದನಕೆರೆ ಕಡೆಯ ಪಶು ಆಸ್ಪತ್ರೆಯೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಮುಂಚಿನ ಕೊನೆಯ ಪೋಸ್ಟಿಂಗ್ ಅದು. ಮಳೆಗಾಲದ ಒಂದು ಬೆಳಗ್ಗೆ, ತೆಂಗಿನ ತೋಟದ ಮನೆಯ ಲೋಕೇಶ ಫೋನು ಮಾಡಿ, ಕೊಟ್ಟಿಗೆಯಲ್ಲಿ ಕರು ಬಿದ್ದುಕೊಂಡು ಏದುಸಿರು ಬಿಡುತ್ತಿದೆ ಎಂದ. ಬೆಳಗ್ಗೆ ಎಂಬುದು ನನ್ನ ನೆನಪು. ಅವನು ಇವತ್ತಿಗೂ ಮಧ್ಯಾಹ್ನ ಎನ್ನುತ್ತಾನೆ. ಹೊತ್ತು ಯಾವುದೇ ಆಗಿರಲಿ, ವಾಸನೆಯ ವಿಚಾರದಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇತ್ತು. ಕರುವಿನ ಕಿವಿ ತಣ್ಣಗಾಗಿತ್ತು, ನಾಡಿ ಸಣ್ಣಗೆ ಓಡುತ್ತಿತ್ತು. ನೆಲದ ಹತ್ತಿರ ಬಗ್ಗಿದಷ್ಟೂ ಬೆಳ್ಳುಳ್ಳಿ ವಾಸನೆ ಹೆಚ್ಚುತ್ತಿತ್ತು.

"ಕರುವಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ್ದೀರೇನಪ್ಪ?"

"ಕರೀಗ್ಯಾಕ್ ಹಾಕಾನ ಮೇಡಂ. ಅದು ಬಾಣಂತಿ ವಾಸ್ನೆ. ನಮ್ಮವ್ವ ದಿನಾ ಗೆಡ್ಡೆಗಟ್ಲೆ ಹುರ್ದು ತಂಗೀಗೆ ತಿನ್ನಿಸ್ತದೆ. ಆ ರೂಮ್ನಾಗೆ ಮಗೀಗಿಂತ ಬೆಳ್ಳುಳ್ಳಿನೇ ಜಾಸ್ತಿ ಐತೆ."

ಗೋಡೆಯ ಆಚೆ ಬದಿಯ ಕೋಣೆಯಲ್ಲಿ, ಹೆರಿಗೆಗೆ ತವರಿಗೆ ಬಂದಿದ್ದ ಅವನ ತಂಗಿ ಸವಿತ ಹಸುಗೂಸಿನೊಂದಿಗೆ ಮಲಗಿದ್ದಳು. ನಾನು ತಲೆಯೆತ್ತಿ ನೋಡಿದೆ. ಕೊಟ್ಟಿಗೆ, ಕೋಣೆ, ಅಡುಗೆಮನೆ ಮೂರಕ್ಕೂ ಒಂದೇ ಅಟ್ಟ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಇಡುತ್ತಾರೆ. ಒಲೆಯ ಬಿಸಿ, ಹೊಗೆ ಮೇಲೇರಲಿ ಎಂದು ಅಟ್ಟದ ದಬ್ಬೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತಾರೆ.

"ಅಟ್ಟದ ಮೇಲೆ ಏನಿಟ್ಟಿದ್ದೀರಿ?" ಎಂದೆ.

ಪುನುಗು ಬೆಕ್ಕೊಂದು ಅಲ್ಲಿ ಸೇರಿಕೊಂಡಿತ್ತಂತೆ. ಅದರ ಉಚ್ಚೆ ಬಾಣಂತಿಯ ಹಾಸಿಗೆಯ ಮೇಲೆ ತೊಟ್ಟಿಕ್ಕಿದಾಗ ಲೋಕೇಶನ ತಾಯಿ ಗಂಗಮ್ಮ ಅದನ್ನು ಓಡಿಸಲೇಬೇಕೆಂದು ಹಟ ಹಿಡಿದರು. ಗೆದ್ದಲಿಗೆ ಔಷಧಿ ಹೊಡೆಯುವವನೊಬ್ಬ ತಾನು ಬೆಕ್ಕು, ಹಾವು ಎಲ್ಲವನ್ನೂ ಖಾಲಿ ಮಾಡಿಸುತ್ತೇನೆಂದು ಒಪ್ಪಿಕೊಂಡ. ಹಿಂದಿನ ದಿನ ಬಂದು, ಕಾಳಿನ ಗೋದಾಮಿಗೆ ಇಡುವ ಮಾತ್ರೆಗಳನ್ನು ಕಾಯಿಗಳ ನಡುವೆ ಇಟ್ಟು, ಮೇಲೆ ಟಾರ್ಪಾಲು ಹೊದಿಸಿ ಹೋಗಿದ್ದ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಮನುಷ್ಯರು ವಾಸಿಸುವ ಮನೆಯಲ್ಲಿ ಅದನ್ನು ಇಡುವಂತೆಯೇ ಇಲ್ಲ. ಆ ಅನಿಲ ಗಾಳಿಗಿಂತ ಭಾರ, ಬೆಳ್ಳುಳ್ಳಿಯಂತೆ ನಾರುತ್ತದೆ.

ನಾನು ಕೋಣೆಯತ್ತ ನಡೆದೆ. ಬಾಗಿಲಿಗೆ ಗಂಗಮ್ಮ ಅಡ್ಡ ನಿಂತರು. ಸವಿತ ರಾತ್ರಿಯಿಂದ ವಾಂತಿ ಮಾಡುತ್ತಿದ್ದಳು. ಶೀತ ಇರಬೇಕೆಂದು ಅವರು ಕಿಟಕಿಯ ಸಂದಿಗೂ ಬಟ್ಟೆ ತುರುಕಿದ್ದರು.

"ದನ ನೋಡಕ್ ಬಂದೋರು ದನ ನೋಡಿ ಡಾಕ್ಟ್ರಮ್ಮ. ಹಸಿ ಬಾಣಂತಿ. ಬಾಗ್ಲು ತೆಗ್ದ್ರೆ ಗಾಳಿ ಹೊಡೀತದೆ."

"ಗಂಗಮ್ಮ, ಅಟ್ಟದ ವಿಷ ಈ ಕೋಣೆಗೆ ಇಳೀತಿದೆ. ಕರು ಸಾಯ್ತಿರೋದು ಅದರಿಂದಲೇ. ಬೇಕಾದರೆ ಕೊಟ್ಟಿಗೆಗೆ ಬಂದು ಮೂಸಿ ನೋಡಿ."

ಅವರು ಬಂದರು. ಬಗ್ಗಿದರು, ತಕ್ಷಣ ಎದ್ದರು.

"ಲೋಕೀ, ಇದು ನಾ ಹುರ್ದಿದ್ದಲ್ಲ ಕಣ್ಲಾ."

ಈ ಪ್ರಸಂಗವನ್ನು ತರಬೇತಿಗಳಲ್ಲಿ ಹೇಳುವಾಗಲೆಲ್ಲ ನಾನೇ ಬಾಗಿಲು ನೂಕಿ ಒಳಗೆ ನುಗ್ಗಿದಂತೆ ಬಂದುಬಿಡುತ್ತದೆ. ಕಥೆಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಬಾಗಿಲು ತೆಗೆದವರು ಗಂಗಮ್ಮ. ಮಗುವನ್ನು ಸೆರಗಿನೊಳಗೆ ಹಾಕಿಕೊಂಡು, ಬೀಸುತ್ತಿದ್ದ ತೋಟದ ಗಾಳಿಗೆ ಮೊದಲು ಬಂದವರೂ ಅವರೇ. ನಾನೂ ಲೋಕೇಶನೂ ಸವಿತಳನ್ನು ಹಿಡಿದು ತಂದೆವು. ನಿಲ್ಲಲಾಗದೆ ಅವಳು ನನ್ನ ಹೆಗಲ ಮೇಲೆ ವಾಂತಿ ಮಾಡಿಕೊಂಡಳು. ಮಗು ಅಳುತ್ತಿರಲಿಲ್ಲ.

ಲೋಕೇಶ ಅಟ್ಟಕ್ಕೆ ನೀರು ಸುರಿಯಲು ಕೊಡ ಎತ್ತಿಕೊಂಡಿದ್ದ. ನೀರು ಬಿದ್ದರೆ ಅನಿಲ ಒಮ್ಮೆಲೇ ಬರುತ್ತದೆಂದು ತಡೆದೆ. ಎಲ್ಲರೂ ಪಕ್ಕದ ಮನೆಯವರ ಕಾರಿನಲ್ಲಿ ಕಿಟಕಿ ಇಳಿಸಿಕೊಂಡು ತಿಪಟೂರಿಗೆ ಹೊರಟೆವು. ದಾರಿಯಲ್ಲೆಲ್ಲೋ ಮಗು ಅತ್ತಿತು. ಶೆಟ್ಟಿಕೆರೆ ಬಳಿ ಎಂದು ಬರೆಯಲು ಆಸೆ, ಆದರೆ ನನಗೆ ಖಾತ್ರಿಯಿಲ್ಲ.

ಈ ವಿಷಕ್ಕೆ ಪ್ರತಿವಿಷವಿಲ್ಲ. ಉಸಿರು, ಹೃದಯಗಳನ್ನು ಕಾಯುತ್ತಾ ಕೂರುವುದಷ್ಟೇ ಚಿಕಿತ್ಸೆ. ಆಸ್ಪತ್ರೆಯವರು ಕಾದರು, ತಾಯಿ, ಮಗು ಇಬ್ಬರೂ ಉಳಿದರು. ಕರು ಉಳಿಯಲಿಲ್ಲ.

ಆಸ್ಪತ್ರೆಯ ಜಗಲಿಯಿಂದಲೇ ಆ ಮಾತ್ರೆ ಇಟ್ಟವನಿಗೆ ಫೋನು ಮಾಡಿದೆ. ಅವನ ದನಿಯಲ್ಲಿ ಮೋಸವಿರಲಿಲ್ಲ, ನಿಜವಾದ ಗೊಂದಲವಿತ್ತು. "ಗ್ಯಾಸು ಅಂದ್ರೆ ಮೇಲಕ್ಕಲ್ವಾ ಮೇಡಂ ಹೋಗೋದು? ಅದ್ಕೇ ಟಾರ್ಪಾಲ್ ಹಾಕಿದ್ದು." ಆ ಮನೆಯವರೂ ಹಾಗೇ ತಿಳಿದಿದ್ದರು. ತಲೆಮಾರುಗಳಿಂದ ಆ ಸಂದುಗಳಲ್ಲಿ ಹೊಗೆ ಮೇಲಕ್ಕಷ್ಟೇ ಹೋಗಿತ್ತು.

ಇಂಥ ವಿಷ ತೆಗೆಯುವ ತರಬೇತಿ ಪಡೆದವರು ಬಂದು ಅಟ್ಟ ಖಾಲಿ ಮಾಡಿದರು. ಮಾತ್ರೆಯ ಬೂದಿ ಬಿದ್ದ ಕಾಯಿಯನ್ನು ಕೊಬ್ಬರಿ ಮಂಡಿಗೆ ಕಳಿಸಲು ಗಂಗಮ್ಮ ಒಪ್ಪಲಿಲ್ಲ. ಬೆಕ್ಕಿಗೆ ಏನೂ ಆಗಿರಲಿಲ್ಲ. ಸರಿದ ಹೆಂಚಿನ ಕಿಂಡಿಯಿಂದ ಅದು ಯಾವಾಗಲೋ ಹೊರಬಿದ್ದಿತ್ತು. ಬೆಕ್ಕಿನ ಸಲುವಾಗಿ ನಾವು ಕರೆಸಿದ್ದ ಅರಣ್ಯ ಇಲಾಖೆಯವರು ಮಾಡಿದ್ದಿಷ್ಟೇ: ಅದು ಒಳಗಿಲ್ಲವೆಂದು ಖಚಿತಪಡಿಸಿಕೊಂಡು, ಸೂರಿಗೆ ತಾಗುತ್ತಿದ್ದ ತೆಂಗಿನ ಗರಿ ಕಡಿಸಿ, ಕಿಂಡಿಗೆ ಜಾಲರಿ ಹೊಡೆಸಿದರು. ಆಮೇಲೆ ಬೆಕ್ಕು ಬರಲಿಲ್ಲ.

ಔಷಧಿಯೋ ವಿಷವೋ, ತನ್ನ ಕೆಲಸ ಮುಗಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ಯಾರ ಕೈಗೂ ಮನೆ ಒಪ್ಪಿಸಬಾರದು. ವೃತ್ತಿ ನನಗೆ ಕಲಿಸಿದ್ದರಲ್ಲಿ ಅನುಮಾನವಿಲ್ಲದೆ ಹೇಳಬಲ್ಲ ಮಾತು ಇದೊಂದು.

ನಿವೃತ್ತಳಾದ ಮೇಲೆ ಒಮ್ಮೆ ಆ ಮನೆಗೆ ಹೋಗಿದ್ದೆ. ಆಗ ಲೋಕೇಶನ ಹೆಂಡತಿಯೂ ಹೆರಿಗೆಯಾಗಿ ಅದೇ ಕೋಣೆಯಲ್ಲಿ ಮಲಗಿದ್ದಳು. ಕಿಟಕಿ ನಾಲ್ಕು ಬೆರಳು ತೆರೆದಿತ್ತು. ಅದರ ಮುಂದೆಯೇ ಗಂಗಮ್ಮ ಮಣೆ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು.

"ಗಾಳಿ ಬರ್ಲಿ ಬುಡಿ ಡಾಕ್ಟ್ರಮ್ಮ," ಎಂದರು. "ಆದ್ರೆ ನನ್ನ ಕೇಳ್ಕಂಡ್ ಬರ್ಲಿ."